ಸೊಂಟಮಟ್ಟ

ಮಳೆ ಬಿದ್ದದ್ದು ಅಂಗೋಲಾದಲ್ಲಿ, ಜನವರಿಯಲ್ಲಿ.
ನಮ್ಮಲ್ಲಿಗೆ ನೀರು ಬಂದು ಮುಟ್ಟಿದಾಗ ಜೂನ್,
ಆಕಾಶದಲ್ಲಿ ಹತ್ತಿಯೆಳೆಯಷ್ಟೂ ಮೋಡವಿಲ್ಲ.
ಐದು ತಿಂಗಳು ಜೊಂಡಿನ ನಡುವೆ ನಡೆದು ಬಂದ ನೀರು
ನಿನ್ನೆ ರಸ್ತೆಯಾಗಿದ್ದ ಮರಳಿನ ಮೇಲೆ
ಕಪ್ಪು ಚಹಾದ ಬಣ್ಣದಲ್ಲಿ, ತಿಳಿಯಾಗಿ,
ತನ್ನದೇ ಮನೆಯೆಂಬಂತೆ ಮಲಗಿತ್ತು.

ಗಾವೊಲಾಥೆ ಮಾವನ ಲ್ಯಾಂಡ್ ಕ್ರೂಸರ್
ನನಗಿಂತ ಹನ್ನೊಂದು ವರ್ಷ ದೊಡ್ಡದು.
ಹಿಂದೆ ಹನ್ನೆರಡು ಚೀಲ ಮೆಕ್ಕೆಜೋಳದ ಹಿಟ್ಟು,
ಸೆಥುನ್ಯಾ ಅತ್ತೆಗೆಂದು ಮಾವುನ್ ಪೇಟೆಯಲ್ಲಿ ಕೊಂಡ
ಹೊಲಿಗೆ ಯಂತ್ರ, ಕಂಬಳಿ ಸುತ್ತಿಕೊಂಡು.

ನನ್ನ ಕೆಲಸ ಇಳಿದು ನಡೆಯುವುದು.
ಕಾಲಿಡದ ನೀರಿಗೆ ಚಕ್ರ ಇಡಬಾರದು, ಮಾವನ ಶಾಸ್ತ್ರ ಅಷ್ಟೇ.
ಅವನು ಬಾನೆಟ್ ಮೇಲೆ ನಿಂತು ಮೊಸಳೆ ಕಾಯುತ್ತಾನೆ.
ನಾನು ಕೋಲು ಚುಚ್ಚುತ್ತ, ಗುಂಡಿ ತಡಕುತ್ತ,
ನೀರಾನೆ ಓಡಾಡಿ ಕೊರೆದ ಓಣಿ ದಾಟಿ
ಆಚೆ ದಡದಿಂದ ಕೂಗುತ್ತೇನೆ.
ಎರಡು ವರ್ಷದ ಹಿಂದೆ ಕೂಗಿದ್ದೆ: ಸೊಂಟಮಟ್ಟ!
ದಾಟಿತ್ತು. ಬಾಗಿಲ ಸಂದಿಯಲ್ಲಿ ಜಿನುಗಿದ್ದು ನಾಲ್ಕು ಬೊಗಸೆ.
ಹೋದ ವರ್ಷ ನೀರೇ ಬರಲಿಲ್ಲ.
ಈ ಸಲವೂ ಅದನ್ನೇ ಕೂಗಿದೆ. ಸುಳ್ಳಲ್ಲ,
ನೀರು ಇದ್ದದ್ದು ನನ್ನ ಸೊಂಟದಲ್ಲೇ.

ಫ್ಯಾನ್ ಬೆಲ್ಟ್ ಬಿಚ್ಚಿದ. ಗಾಡಿಯ ಮೂತಿಗೆ ಟಾರ್ಪಾಲ್ ಬಿಗಿದ,
ಹಲ್ಲುನೋವಿನವನ ದವಡೆಗೆ ಬಟ್ಟೆ ಕಟ್ಟಿದ ಹಾಗೆ.
ಲೋ ರೇಂಜ್, ಎರಡನೇ ಗೇರು,
ಇಳಿದ ಮೇಲೆ ಕ್ಲಚ್ಚು ಮುಟ್ಟುವಂತಿಲ್ಲ.
ಮುಂದೊಂದು ಅಲೆ ಎದ್ದಿತು,
ಅದರ ಬೆನ್ನಿಗಂಟಿ ಗಾಡಿ, ಅರ್ಧ ಹಾದಿ, ಅರ್ಧಕ್ಕಿಂತ ತುಸು ಹೆಚ್ಚು,
ಆಮೇಲೆ ನೆತ್ತಿಗೆ ಹತ್ತಿದಂತೆ ಒಂದೇ ಒಂದು ಕೆಮ್ಮು.
ಮಾವ ಕೀಲಿ ತಿರುಗಿಸಿಬಿಟ್ಟ.
ಹೆಡ್‌ಲೈಟ್ ಎರಡೂ ನೀರೊಳಗೆ ಉರಿಯುತ್ತಲೇ ಇದ್ದವು,
ಬೆಳಕು ಏನೆಂದು ನೋಡಲು ಮೀನುಗಳು ಬಂದವು.

ಎಳೆದದ್ದು ಒಂಬತ್ತು ಕತ್ತೆ, ಜೊತೆಗೆ ಸೆಥುನ್ಯಾ ಅತ್ತೆಯ ಬೈಗುಳ.

ಗ್ಲೋ ಪ್ಲಗ್ ಆರೂ ಕಿತ್ತು ಸ್ಟಾರ್ಟರ್ ಒತ್ತಿದಾಗ
ಆರು ಕಾರಂಜಿ ಬಾನೆಟ್ಟಿನಿಂದ ಚಿಮ್ಮಿ
ಮೆಕ್ಯಾನಿಕ್ ಮೊಲೆಫೆಯ ಟೋಪಿ ತೊಯ್ಯಿತು.
ಕೆಳಗೆ ಬೋಲ್ಟು ಸಡಿಲಿಸಿದರೆ ಇಳಿದದ್ದು ಎಣ್ಣೆಯಲ್ಲ,
ಹಾಲು ಹೆಚ್ಚಾದ ಕಾಫಿ. ಗೇರ್‌ಬಾಕ್ಸಿನಲ್ಲೂ ಅದೇ,
ಮುಂದಿನ ಡಿಫರೆನ್ಷಿಯಲ್, ಹಿಂದಿನದು,
ಎಲ್ಲ ಮಡಕೆಯಲ್ಲೂ ಒಂದೇ ಅಡುಗೆ.
ಸೀಟುಗಳನ್ನು ಮುಳ್ಳುಮರಕ್ಕೆ ಒರಗಿಸಿದೆವು, ಮೇಕೆಗಳು ಹತ್ತಿ ಕೂತವು.
ಹಿಟ್ಟಿನ ಚೀಲ ಹೊರಗೆ ಗಾರೆಯಂತೆ ಗಟ್ಟಿಕಟ್ಟಿ
ಒಡೆದರೆ ಒಳಗೆ ಒಣಗಿದ್ದು ಒಣಗಿದ್ದ ಹಾಗೇ.
ಹೊಲಿಗೆ ಯಂತ್ರ ಮಾತ್ರ ಪ್ರತಿ ಹೊಲಿಗೆಗೂ ಮರಳು ಜಗಿಯುತ್ತದೆ.

ನನ್ನನ್ನು ಯಾರೂ ಏನೂ ಅನ್ನಲಿಲ್ಲ.
ಅದಕ್ಕೇ ಮೂರು ದಿನ ಊಟ ಸೇರಲಿಲ್ಲ.
ನಾಲ್ಕನೇ ದಿನ ಮಾವ ಬಾಗಿಲ ಮೇಲಿನ ಕೆಸರುಗೆರೆ ನೋಡಿದ,
ನನ್ನ ಚಡ್ಡಿಯ ಕೆಸರುಗೆರೆ ನೋಡಿದ,
ಹತ್ತಿರ ಕರೆದು ಗಾಡಿಗೆ ಬೆನ್ನು ತಾಗಿಸಿ ನಿಲ್ಲಿಸಿದ.
ಹಳೆಯ ಸೊಂಟ ಎಲ್ಲಿತ್ತೋ ಅಲ್ಲಿಂದ ಆರು ಬೆರಳು ಮೇಲೆ.
ಆರೇ ಬೆರಳು; ಎಂಜಿನ್ನು ಉಸಿರೆಳೆಯುವ ಬಾಯಿಗೂ ನೀರಿಗೂ
ಇದ್ದ ಅಂತರವೇ ಅಷ್ಟು.
"ಯಾರನ್ನು ಕೇಳಿ ಬೆಳೆದೆಯೋ, ಒತ್ಸಿಲೆ?"
ನಕ್ಕನೋ ಅಳು ಬಂದಿತ್ತೋ,
ಮುಖ ಬಾನೆಟ್ಟಿನೊಳಗಿತ್ತು.

ಸ್ಕ್ರೂಡ್ರೈವರಿನಿಂದ ಬಾಗಿಲ ಚೌಕಟ್ಟಿನಲ್ಲಿ
ಒಂದು ಗೀಟು ಗೀಚಿದ. ಪ್ರತಿ ಜೂನ್‌ಗೂ ಒಂದು.
ಪೇಂಟು ಕಿತ್ತಲ್ಲಿ ತುಕ್ಕು ಹಿಡಿದು, ಆ ತುಕ್ಕಿನಲ್ಲೇ ನನ್ನ ವಯಸ್ಸು.
ಈ ಜೂನ್‌ನಲ್ಲಿ ಗೀಟು ಹಳೆಯ ಗೀಟಿನ ಮೇಲೇ ಬಿತ್ತು.
ಮತ್ತೊಮ್ಮೆ ಅಳೆದ. ಸ್ಕ್ರೂಡ್ರೈವರ್ ಜೇಬಿಗಿಟ್ಟ.
"ಇನ್ನು ನಿನ್ನ ಸೊಂಟ ನಂಬಬಹುದು."

ಕಿಟಕಿ ಇಳಿಸಿದರೆ ಈಗಲೂ
ಬಾಗಿಲ ಹೊಟ್ಟೆಯಲ್ಲಿ ಮರಳು ಮಗ್ಗುಲು ಬದಲಿಸುತ್ತದೆ.